ವೆಲ್ಡಿಂಗ್ ಬೆಳಕು, ಕಪ್ಪು ಗಾಜು ಮತ್ತು ನಮ್ಮ ಓಣಿ

ನಮ್ಮ ಖೂಬಾ ಪ್ಲಾಟಿನಲ್ಲಿ ಹೊಸ ಮನೆ ಏಳುವಾಗಲೆಲ್ಲ ಗೇಟು, ಕಿಟಕಿಯ ಸರಳು, ಮೆಟ್ಟಿಲಿನ ರೇಲಿಂಗುಗಳಿಗಾಗಿ ವೆಲ್ಡಿಂಗ್ ಯಂತ್ರ ಬೀದಿಗೆ ಬರುತ್ತದೆ. ಆ ಬೆಳಕನ್ನು ನೋಡಬಾರದೆಂದು ಮಕ್ಕಳನ್ನು ಗದರಿಸುವ ನಾವು, ದಿನವಿಡೀ ಅದರ ಮುಂದೆ ಕುಳಿತವನ ಕಣ್ಣಿಗೆ ಏನು ಆಸರೆ ಇದೆಯೆಂದು ವಿಚಾರಿಸುವುದು ಕಡಿಮೆ. ಆ ಆಸರೆಗೂ ಒಂದು ಚರಿತ್ರೆ ಇದೆ.

ಸೋಜಿಗದ ಸಂಗತಿಯೆಂದರೆ, ಈ ಕಸುಬು ಹುಟ್ಟುವ ಮೊದಲೇ ಅದರ ಕೇಡು ತಿಳಿದಿತ್ತು. ವಿದ್ಯುತ್ತಿನ ಉರಿಬೆಳಕಿನಲ್ಲಿ ಪ್ರಯೋಗ ನಡೆಸಿದ ಇಬ್ಬರು ರಸಾಯನಶಾಸ್ತ್ರಜ್ಞರ ಕಣ್ಣು ಉರಿದು, ಚರ್ಮ ಬಿಸಿಲಿಗೆ ಬೆಂದಂತೆ ಕೆಂಪಾದುದನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1858ರಲ್ಲಿಯೇ ಬರೆದಿಟ್ಟಿದ್ದರು. ಅದೇ ಬೆಳಕಿನಿಂದ ಲೋಹವನ್ನು ಬೆಸೆಯುವ ವಿಧಾನಕ್ಕೆ ಬೆನಾರ್ಡೋಸ್ ಪೇಟೆಂಟ್ ಪಡೆದುದು 1885ರಲ್ಲಿ. ಮುಂದೆ ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್, ಗಾಜಿನ ಕುಲುಮೆಯ ಕಾರ್ಮಿಕರಿಗೆ ಬರುತ್ತಿದ್ದ ಕಣ್ಣಿನ ಪೊರೆಯನ್ನು ತಡೆಯಲೆಂದು ನೇರಳಾತೀತ ಕಿರಣಗಳನ್ನೂ ಶಾಖದ ಕಿರಣಗಳನ್ನೂ ಹೀರುವ ಗಾಜುಗಳನ್ನು ಸಿದ್ಧಪಡಿಸಿ 1914ರಲ್ಲಿ ಪ್ರಕಟಿಸಿದರು. ಗಾಜು ಕೇವಲ ಕಪ್ಪಗಿದ್ದರೆ ಸಾಲದು, ಕಣ್ಣಿಗೆ ಕಾಣದ ಕಿರಣವನ್ನೂ ತಡೆಯಬೇಕೆಂಬ ಅರಿವು ಅದರಿಂದ ದೃಢವಾಯಿತು.

ನಮ್ಮ ದೇಶದಲ್ಲಿ ಕಾನೂನೂ ತಡಮಾಡಲಿಲ್ಲ. ಹೈದರಾಬಾದ್ ಸಂಸ್ಥಾನದೊಂದಿಗೆ ನಮ್ಮ ಭಾಗವು ವಿಮೋಚನೆಗೊಂಡುದು 1948ರ ಸೆಪ್ಟೆಂಬರ್ 17ರಂದು. ಕಾರ್ಖಾನೆಗಳ ಕಾಯ್ದೆಗೆ ಅಂಕಿತ ಬಿದ್ದುದು ಅದೇ ತಿಂಗಳ 23ರಂದು. ಅದರ 35ನೆಯ ಕಲಮು ಸಿಡಿಯುವ ಚೂರುಗಳಿಂದಲೂ ಅತಿಯಾದ ಬೆಳಕಿನಿಂದಲೂ ಕಣ್ಣನ್ನು ರಕ್ಷಿಸಲು ಪರದೆ ಅಥವಾ ತಕ್ಕ ಕನ್ನಡಕ ಒದಗಿಸುವ ವಿಚಾರವನ್ನೇ ಹೇಳುತ್ತಿತ್ತು. ಆದರೆ ವಿದ್ಯುತ್ ಬಳಸುವಲ್ಲಿ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕಾರ್ಖಾನೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಕ್ಕೆ ಏರಿದೆ. ಶಹಾಬಾದಿನ ಬಾಯ್ಲರ್ ಕಾರ್ಖಾನೆಯಂಥ ದೊಡ್ಡ ಸ್ಥಳಗಳಿಗೆ ಅನ್ವಯಿಸಿದ ನಿಯಮ, ಇಬ್ಬರು ಮೂವರು ದುಡಿಯುವ ಓಣಿಯ ಅಂಗಡಿಯವರೆಗೆ ಬರಲೇ ಇಲ್ಲ.

ಅಂಥ ಅಂಗಡಿ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಹೇಳಿದ: "ಹಗಲಾಗ ಏನೂ ಗೊತ್ತಾಗಂಗಿಲ್ರಿ ಸರ. ರಾತ್ರಿ ಮಲಗಿದ ಮ್ಯಾಲ ಕಣ್ಣಾಗ ಉಸುಕು ಹಾಕಿದಂಗ ಆಗ್ತದ್ರಿ." ಅವನ ಅನುಭವ ಶಾಸ್ತ್ರಕ್ಕೆ ಸರಿಯಾಗಿದೆ. ಕಿರಣ ತಾಗಿದ ಹಲವು ಗಂಟೆಗಳ ಮೇಲೆ ನೋವು ಏಳುತ್ತದೆ. ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಇಳಿಯುವುದರಿಂದಲೇ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ವೆಲ್ಡಿಂಗಿನ ಹೊಗೆಯನ್ನೂ ಅದರ ನೇರಳಾತೀತ ಕಿರಣಗಳನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವೆಂದು ವರ್ಗೀಕರಿಸಿದೆ.

ಸಾಮಾನ್ಯ ರಾಡ್ ವೆಲ್ಡಿಂಗಿಗೆ 10ರಿಂದ 12ರ ಸಂಖ್ಯೆಯ ಗಾಜುಳ್ಳ, ಇಡೀ ಮುಖ ಮುಚ್ಚುವ ಮಾಸ್ಕ್ ಬೇಕು. ಬಿಸಿಲಿನ ಕರಿ ಕನ್ನಡಕ ಅದಕ್ಕೆ ಬದಲಾಗದು. ಬೆಸುಗೆಯ ಮೇಲಿನ ಸಿಪ್ಪೆಯನ್ನು ಸುತ್ತಿಗೆಯಿಂದ ಕುಟ್ಟಿ ತೆಗೆಯುವಾಗಲೂ ಪಾರದರ್ಶಕ ಕನ್ನಡಕ ಅವಶ್ಯ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವವನು ಕಬ್ಬಿಣ ಹಿಡಿದು ನಿಲ್ಲುವ ಸಹಾಯಕ. ಮುಖ ಪಕ್ಕಕ್ಕೆ ತಿರುಗಿಸುವುದೊಂದೇ ಅವನಿಗಿರುವ ರಕ್ಷಣೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಮನೆ ಕಟ್ಟಿಸುತ್ತಿದ್ದೀರಿ. ಗೇಟಿನ ದರ ಮಾತಾಡುವಾಗಲೇ ಎರಡು ಮಾಸ್ಕುಗಳ ಮಾತನ್ನೂ ಆಡಿರಿ: ಒಂದು ಕೆಲಸಗಾರನಿಗೆ, ಇನ್ನೊಂದು ಆ ಹುಡುಗನಿಗೆ. ಕಾನೂನು ತಲುಪದ ಕಡೆ ಕೆಲಸ ಕೊಡುವವನ ವಿವೇಕವೇ ತಲುಪಬೇಕಾಗಿದೆ.