ಫಿಲಿಪ್ ಮೆಡೋಸ್ ಟೇಲರ್

ಫಿಲಿಪ್ ಮೆಡೋಸ್ ಟೇಲರ್ (25 ಸೆಪ್ಟೆಂಬರ್ 1808 – 13 ಮೇ 1876) ಹೈದರಾಬಾದ್ ನಿಜಾಮನ ಸೇನೆಯ ಅಧಿಕಾರಿ, ಸುರಪುರ ಸಂಸ್ಥಾನದ ಆಡಳಿತಗಾರ ಹಾಗೂ ಇಂಗ್ಲಿಷ್ ಕಾದಂಬರಿಕಾರ. ಜೇವರ್ಗಿಯ ಪ್ರಾಗೈತಿಹಾಸಿಕ ಸಮಾಧಿಗಳನ್ನು ಅಗೆದು ವರದಿ ಮಾಡಿದವನೂ ಈತನೇ.

ಮನೆತನ

ಟೇಲರನು ಲಿವರ್‌ಪೂಲ್‌ನ ವ್ಯಾಪಾರಿಯೊಬ್ಬನ ಮಗ. ತಾಯಿ ನಾರ್ತಂಬರ್‌ಲ್ಯಾಂಡಿನ ಮಿಟ್‌ಫರ್ಡ್ ಮನೆತನದವಳು. 15ನೆಯ ವಯಸ್ಸಿನಲ್ಲಿ ಮುಂಬಯಿಯ ವ್ಯಾಪಾರಿ ಬ್ಯಾಕ್ಸ್‌ಟರನಲ್ಲಿ ಕೆಲಸಕ್ಕೆಂದು ಬಂದಾಗ ಆ ವ್ಯಾಪಾರವು ನಷ್ಟದಲ್ಲಿತ್ತು. ತಾಯಿಯ ಬಂಧುವಾಗಿದ್ದ ಮುಂಬಯಿ ಸರ್ಕಾರದ ಮುಖ್ಯ ಕಾರ್ಯದರ್ಶಿ ನ್ಯೂನ್‌ಹ್ಯಾಮನ ನೆರವಿನಿಂದ 1824ರಲ್ಲಿ ನಿಜಾಮನ ಸೇನೆ ಸೇರಿದನು. ಪತ್ನಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಫೈಜ್ ಬಕ್ಷ್ ಬೇಗಂ ಭಾರತೀಯಳು. ಬಾಲಕ ಪಾಮರನೊಂದಿಗೆ ಆಕೆಯಿರುವ ಕುಟುಂಬಚಿತ್ರ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಜೀವನದ ಆಕರಗಳು

ಈತನ ಸೇವೆ ನಿಜಾಮನಲ್ಲಿ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅಲ್ಲ. ಆದ್ದರಿಂದ ಕಂಪನಿಯ ಕೆಡೆಟ್ ಕಾಗದಗಳಲ್ಲಿ ಹುಡುಕುವುದು ವ್ಯರ್ಥ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಹೈದರಾಬಾದ್ ರೆಸಿಡೆನ್ಸಿಯ ಕಡತಗಳೇ ಇಲ್ಲಿ ಮುಖ್ಯ. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮನ ಸೀಮೆಯಲ್ಲಿದ್ದವು. ಆ ಸರ್ಕಾರದ ಆಡಳಿತ ಭಾಷೆ 1880ರ ದಶಕದವರೆಗೆ ಪಾರ್ಸಿ, ಅನಂತರ ಉರ್ದು. ಇಂಗ್ಲಿಷ್ ಬರಹಗಳಲ್ಲಿ ಸುರಪುರವು ‘ಶೋರಾಪುರ’ವೆಂದೂ ಜೇವರ್ಗಿಯು ‘ಜಿವರ್ಜಿ’ಯೆಂದೂ ಕಾಣುವುದರಿಂದ ಹೆಸರಿನ ರೂಪಾಂತರಗಳನ್ನು ಗಮನಿಸಬೇಕಾಗುತ್ತದೆ. ಜ್ಞಾನಸ್ನಾನ, ವಿವಾಹ, ಸಮಾಧಿಗಳ ಚರ್ಚ್ ದಾಖಲೆಗಳ ಪ್ರತಿಗಳು ಬ್ರಿಟಿಷ್ ಗ್ರಂಥಾಲಯದಲ್ಲಿ ಬಂಗಾಳ, ಮದ್ರಾಸ್, ಮುಂಬಯಿ ಎಂಬ ಮೂರು ಶ್ರೇಣಿಗಳಲ್ಲಿವೆ.

ಮಗಳು ಆಲಿಸ್ ಸಂಪಾದಿಸಿದ ಆತ್ಮಕಥೆಯು ಲೇಖಕನ ಮರಣಾನಂತರ, 1877ರಲ್ಲಿ ಪ್ರಕಟವಾಯಿತು. ಅದು ವೃದ್ಧಾಪ್ಯದ ನೆನಪು. ಸೋದರಸಂಬಂಧಿ ಹೆನ್ರಿ ರೀವ್‌ಗೆ ಬರೆದ ಪತ್ರಗಳು (1947ರಲ್ಲಿ ಪ್ರಕಟಿತ) ಆಯಾ ಕಾಲದವು. ಎರಡನ್ನೂ ಜೊತೆಗಿಟ್ಟು ಓದುವುದು ಲೇಸು.

ಜೇವರ್ಗಿಯ ಸಮಾಧಿಗಳು

ಭೀಮಾ ತೀರದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯಲ್ಲಿ ಟೇಲರನು ಕಲ್ಲುಗುಂಡುಗಳಿಂದ ಆವೃತವಾದ ಸಮಾಧಿಗಳನ್ನು ತೆರೆಸಿದನು. ಅಸ್ಥಿಪಂಜರಗಳೂ ಮಡಕೆಗಳೂ ದೊರೆತವು. ಕೆಲವೆಡೆ ತಲೆಬುರುಡೆ ದೇಹದಿಂದ ಬೇರೆಯಾಗಿದ್ದುದರಿಂದ ನರಬಲಿಯನ್ನು ಊಹಿಸಿದನು. ಇವುಗಳನ್ನು ಯುರೋಪಿನ ಕೆಲ್ಟರ ಸಮಾಧಿಗಳೊಂದಿಗೆ ಹೋಲಿಸಿದ್ದು ಇಂದು ಸ್ವೀಕಾರಾರ್ಹವಲ್ಲ. ಅವು ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್ ಶಿಲಾ ಸಂಸ್ಕೃತಿಗೆ ಸೇರಿದವು. ಆದರೆ ಮಣ್ಣಿನ ಪದರಗಳನ್ನು ಸೀಳುನಕ್ಷೆಯಲ್ಲಿ ತೋರಿಸಿದ ಆತನ ಕ್ರಮವನ್ನು ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಶ್ಲಾಘಿಸಿದ್ದಾನೆ.

ಸುರಪುರ ಮತ್ತು ವೆಂಕಟಪ್ಪ ನಾಯಕ

1841ರಲ್ಲಿ ಸುರಪುರಕ್ಕೆ ನಿಯುಕ್ತನಾದ ಟೇಲರನು ಬಾಲರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನಡೆಸಿದನು. ರಾಜನು ಈತನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. ಟೇಲರನ ಮುಂದಿನ ನೇಮಕ ಆಳಂದದ ವಾಯವ್ಯಕ್ಕಿರುವ ನಳದುರ್ಗಕ್ಕೆ. 1858ರಲ್ಲಿ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾದಾಗ, ಆತನಿಗೆ ವಿಧಿಸಿದ ಮರಣದಂಡನೆಯು ಮೊದಲು ಗಡೀಪಾರಿಗೆ, ಬಳಿಕ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನಕ್ಕೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮಡಿದನು. ಆಗ ಟೇಲರನು ಅಲ್ಲಿರಲಿಲ್ಲ. ಆತ್ಮಕಥೆಯಲ್ಲಿನ ಈ ವಿವರ ಆ ಕಾವಲು ಅಧಿಕಾರಿಯಿಂದಲೇ ತಿಳಿದುಬಂದದ್ದು.