ಹಳೇ ಎಂಜಿಗೆ ಹೊಂದುವ ಜಾಕಿ

ದಾರಿಯಲ್ಲಿ ಗಾಡಿ ಪಂಕ್ಚರ್ ಆದರೆ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ‘ಸ್ಟೆಪ್ನಿ ಇದೆಯಾ?’ ಎರಡನೆಯದು ‘ಜಾಕಿ ಇದೆಯಾ?’ ಮೊದಲನೇ ಪದಕ್ಕೆ ಒಂದು ಊರಿದೆ. ವೇಲ್ಸ್‌ನ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಬೀದಿ ಅಂತ ಒಂದು ಬೀದಿ. ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರದಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಅಲ್ಲಿನವರು ಕಡ್ಡಿಗಳಿಲ್ಲದ ರಿಮ್ಮಿಗೆ ಟೈರು ಹಾಕಿ, ಅದನ್ನು ಗಾಳಿ ಹೋದ ಚಕ್ರದ ಪಕ್ಕಕ್ಕೇ ಬಿಗಿದು ಮುಂದೆ ಹೋಗುವ ಉಪಾಯ ಕಂಡುಕೊಂಡರು. ಅವರ ನಾಡಿನಲ್ಲಿ ಆ ಹೆಸರು ಹೆಚ್ಚುಕಡಿಮೆ ಅಳಿಸಿಹೋಯಿತು. ನಮ್ಮ ಲಾರಿ ಡ್ರೈವರುಗಳ ಬಾಯಲ್ಲಿ ಉಳಿದುಕೊಂಡಿತು. ಜಾಕಿಯ ಹೆಸರಿನ ಕಥೆ ಇನ್ನೂ ಸರಳ. ಇಂಗ್ಲಿಷರಲ್ಲಿ ಜಾಕ್ ಅಂದರೆ ನಮ್ಮ ಸಿದ್ದ, ಕರಿಯ, ಮಾರ ಇದ್ದ ಹಾಗೆ. ಆಳು ಮಾಡುವ ಕೆಲಸವನ್ನು ಮಾಡುವ ಉಪಕರಣಕ್ಕೂ ಆಳಿನ ಹೆಸರೇ ಅಂಟಿತು.

ನಮ್ಮಂಥ ಜಿಲ್ಲಾ ವರದಿಗಾರರಿಗೆ ಜಾಕಿ ಎಂದರೆ ಹೆಚ್ಚಾಗಿ ಒಂದು ಸಣ್ಣ ಸುದ್ದಿ. ‘ಜಾಕಿ ಜಾರಿ ವಾಹನದಡಿ ಸಿಲುಕಿ ಮೆಕ್ಯಾನಿಕ್ ಸಾವು.’ ಆರು ಸಾಲು, ಒಳಪುಟ. ಅದು ಯಾಕೆ ಜಾರಿತು ಎಂಬುದಕ್ಕೆ ಆ ಆರು ಸಾಲಿನಲ್ಲಿ ಜಾಗ ಇರುವುದಿಲ್ಲ. ಹಳೆಯ ಸ್ಪೋರ್ಟ್ಸ್ ಕಾರಿಗೆ ತಕ್ಕ ಜಾಕಿ ಹುಡುಕುವ ವಿಷಯ ಮೇಲುನೋಟಕ್ಕೆ ಉಳ್ಳವರ ಹವ್ಯಾಸದ ತಕರಾರಿನಂತೆ ಕಾಣುತ್ತದೆ. ಆದರೆ ಆ ಆರು ಸಾಲಿನ ‘ಯಾಕೆ’ಗೆ ಉತ್ತರ ಇಲ್ಲಿ ಚೆನ್ನಾಗಿ ಸಿಗುತ್ತದೆ. ಹೀಗಾಗಿ ನಾವು ಒಂದೇ ಕಾರನ್ನು ಹಿಡಿದು ನೋಡೋಣ: ಇಂಗ್ಲೆಂಡಿನ ಎಂಜಿಬಿ.

ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್‌ನಲ್ಲಿ ಕಾರು ಮಾರುತ್ತ, ರಿಪೇರಿ ಮಾಡುತ್ತ ಇದ್ದ ಅಂಗಡಿ. 1922ರಲ್ಲಿ ಅದರ ಮ್ಯಾನೇಜರ್ ಆದ ಸೆಸಿಲ್ ಕಿಂಬರ್, ಮಾರಿಸ್ ಕಾರುಗಳ ಮೇಲೆ ಚೆಂದದ ಮೈ ಕೂರಿಸಿ ಮಾರತೊಡಗಿದರು. 1929ರಲ್ಲಿ ಕಾರ್ಖಾನೆ ಹತ್ತಿರದ ಅಬಿಂಗ್‌ಡನ್‌ಗೆ ಹೋಯಿತು. ಮುಂದಿನ ಐವತ್ತು ವರ್ಷ ಎಂಜಿ ಎಂದರೆ ಅಬಿಂಗ್‌ಡನ್. (ಈಗ ನಮ್ಮ ರಸ್ತೆಗಳಲ್ಲಿ ಓಡುವ ಎಂಜಿ ಎಸ್‌ಯುವಿಗಳಿಗೂ ಇದಕ್ಕೂ ಹೆಸರು, ಬಿಲ್ಲೆ ಬಿಟ್ಟರೆ ನಂಟು ಕಡಿಮೆ.)

ಎರಡನೇ ಮಹಾಯುದ್ಧ ಮುಗಿದ ಕೂಡಲೇ, 1945ರಲ್ಲಿ ಬಂದ ಎಂಜಿ ಟಿಸಿಯನ್ನು ನೋಡಿ. 19 ಇಂಚಿನ ಕಡ್ಡಿ ಚಕ್ರ, ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಮುಂದೊಂದು ಹಿಂದೊಂದು ಗಟ್ಟಿ ಆಕ್ಸಲ್. ಇಂಥ ಕಾರಿಗೆ ಜಾಕಿಯ ಚಿಂತೆಯೇ ಇಲ್ಲ. ಆಕ್ಸಲ್ ಕೆಳಗೆ ಕೈ ಹೋಗುವಷ್ಟು ಜಾಗ ಧಾರಾಳ. ಯಾವ ಜಾಕಿಯನ್ನಾದರೂ ಅಲ್ಲಿ ಇಟ್ಟು ತಿರುಗಿಸಿದರಾಯಿತು. ನಮ್ಮಲ್ಲಿ ಎತ್ತಿನಗಾಡಿಗೆ ಕೀಲೆಣ್ಣೆ ಹಾಕುವಾಗ ಅಚ್ಚಿನ ಕೆಳಗೆ ಮರದ ತುಂಡು ಕೊಟ್ಟು ಎತ್ತುವುದಿಲ್ಲವೇ, ಲೆಕ್ಕ ಅದೇ. ಭಾರ ಹೊರುವುದು ಅಚ್ಚು, ಎತ್ತಬೇಕಾದ್ದೂ ಅಚ್ಚು.

ಅದೇ ಕಾಲದ ಎಂಜಿಯ ದೊಡ್ಡ ಕಾರುಗಳಲ್ಲಿ ಇನ್ನೊಂದು ವೈಭವ ಇತ್ತು. 1930ರ ದಶಕದ ಕೊನೆಯ ಸಲೂನುಗಳಲ್ಲಿ, ಆಮೇಲೆ 1947ರ ವೈ ಟೈಪ್‌ನಲ್ಲಿ, ಸ್ಮಿತ್ಸ್ ಕಂಪನಿಯ ‘ಜ್ಯಾಕಾಲ್’ ಎಂಬ ವ್ಯವಸ್ಥೆ. ಕಾರಿನ ಹೊಟ್ಟೆಯಡಿಯಲ್ಲೇ ಕಾಯಂ ಆಗಿ ಕೂತ ಹೈಡ್ರಾಲಿಕ್ ಜಾಕಿಗಳು. ಬಾನೆಟ್ ತೆರೆದು ಪಂಪಿಗೆ ಹಿಡಿಕೆ ಸಿಕ್ಕಿಸಿ ಒತ್ತುತ್ತ ಹೋದರೆ ಮುಂದಿನ ಎರಡು, ಹಿಂದಿನ ಎರಡು, ಬೇಕಾದರೆ ನಾಲ್ಕೂ ಚಕ್ರ ಮೇಲೇಳುತ್ತಿದ್ದವು. ನೀರಿನ ಒತ್ತಡದಿಂದ ಭಾರ ಎತ್ತಬಹುದೆಂದು ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1795ರಲ್ಲಿ. ಅದನ್ನು ಕೈಯಲ್ಲಿ ಹೊತ್ತೊಯ್ಯಬಹುದಾದ ಜಾಕಿಯಾಗಿ ನ್ಯೂಯಾರ್ಕಿನ ರಿಚರ್ಡ್ ಡಜನ್ ಮಾಡಿದ್ದು 1851ರಲ್ಲಿ. ಜ್ಯಾಕಾಲ್ ಇವೆರಡರ ಮರಿಮಗು. ಕೈಗೆ ಕೆಸರು ಅಂಟದೆ ಚಕ್ರ ಬದಲಿಸುವ ಭಾಗ್ಯ. ಆದರೆ ರಬ್ಬರ್ ಸೀಲು, ಸಣ್ಣ ಪೈಪು, ಎಣ್ಣೆ ಇರುವ ಯಾವುದೇ ಯಂತ್ರದಂತೆ ವಯಸ್ಸಾದ ಮೇಲೆ ಸೋರತೊಡಗಿತು.

(ಕಾರೇ ತನ್ನನ್ನು ಎತ್ತಿಕೊಳ್ಳುವ ಕನಸನ್ನು ನಿಜವಾಗಿ ಮುಟ್ಟಿದವರು ಫ್ರೆಂಚರು. 1955ರ ಸಿಟ್ರನ್ ಡಿಎಸ್‌ನ ಸಸ್ಪೆನ್ಷನ್ನನ್ನು ಪೂರ್ತಿ ಏರಿಸಿ, ಪಕ್ಕಕ್ಕೆ ಒಂದು ಸ್ಟ್ಯಾಂಡ್ ಕೊಟ್ಟು, ಮತ್ತೆ ಇಳಿಸಿದರೆ ಚಕ್ರ ತಾನೇ ನೆಲ ಬಿಡುತ್ತದೆ. ಸ್ಪೋರ್ಟ್ಸ್ ಕಾರು ಅಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.)

1955ರಲ್ಲಿ ಎಂಜಿಎ ಬಂತು. ಒಂದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಅದರ ಮೊದಲ ಎಂಜಿನ್ 1489 ಸಿಸಿಯ ಬಿ-ಸೀರೀಸ್. ನಮ್ಮ ಅಂಬಾಸಿಡರ್‌ನ ಹೊಟ್ಟೆಯಲ್ಲಿ ದಶಕಗಳ ಕಾಲ ಗುಡುಗಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಕುಟುಂಬದ್ದು. ಅಂಬಾಸಿಡರ್ ಎಂಜಿನ್ ಬಿಚ್ಚಿ ಜೋಡಿಸಿದ ನಮ್ಮ ಹಳೇ ಮೆಕ್ಯಾನಿಕ್ಕುಗಳಿಗೆ ಎಂಜಿಎ ಬಾನೆಟ್ ತೆಗೆದು ತೋರಿಸಿದರೆ ಗುರುತು ಹಿಡಿಯುವುದು ಕಷ್ಟವಾಗಲಾರದು. ಎಂಜಿಎಗೂ ಪ್ರತ್ಯೇಕ ಚಾಸಿ ಇತ್ತು.

ಎಲ್ಲ ಬದಲಾದದ್ದು 1962ರಲ್ಲಿ. ಸಿಡ್ ಎನೆವರ್ ನೇತೃತ್ವದಲ್ಲಿ ರೂಪುಗೊಂಡ ಎಂಜಿಬಿಗೆ ಚಾಸಿಯೇ ಇಲ್ಲ. ತಗಡನ್ನು ಮಡಿಸಿ, ಬೆಸೆದು ಮಾಡಿದ ಮೈಯೇ ಅದರ ಎಲುಬು. ಛಾವಣಿ ಇರುವ ಕಾರಿನಲ್ಲಿ ಮೇಲಿನ ತಗಡೂ ಸ್ವಲ್ಪ ಭಾರ ಹಂಚಿಕೊಳ್ಳುತ್ತದೆ. ತೆರೆದ ರೋಡ್‌ಸ್ಟರ್‌ಗೆ ಆ ಭಾಗ್ಯವಿಲ್ಲ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಡುವುದು ಮುಖ್ಯವಾಗಿ ಬಾಗಿಲ ಕೆಳಗಿನ ಸಿಲ್ ಮತ್ತು ನಡುವಿನ ಸುರಂಗ. ಸಿಲ್ ಎಂದರೆ ಹೊಸ್ತಿಲು. ಈ ಕಾರಿನ ಹೊಸ್ತಿಲು ಹೊರಗೊಂದು, ಒಳಗೊಂದು, ನಡುವೆ ಇನ್ನೊಂದು ಪದರ ಇರುವ ಪೊಳ್ಳು ಪೆಟ್ಟಿಗೆ. ಮನೆಯ ಹೊಸ್ತಿಲಿಗೆ ನಾವು ಅರಿಶಿನ ಕುಂಕುಮ ಹಚ್ಚುತ್ತೇವೆ. ಎಂಜಿಬಿ ಇಟ್ಟುಕೊಂಡವರು ಒಳಗೆ ಮೇಣ ಸಿಂಪಡಿಸುತ್ತಾರೆ. ಭಕ್ತಿ ಹೆಚ್ಚುಕಡಿಮೆ ಒಂದೇ.

ಜಾಕಿಯ ಜಾಗವನ್ನೂ ಕಾರ್ಖಾನೆ ಆ ಹೊಸ್ತಿಲಲ್ಲೇ ಇಟ್ಟಿತು. ಎರಡೂ ಪಕ್ಕ, ಬಾಗಿಲ ಕೆಳಗೆ ಒಂದೊಂದು ತೂತು. ಬಿರಡೆ ತೆಗೆದು ಜಾಕಿಯ ತೋಳನ್ನು ಪೂರ್ತಿ ಒಳಕ್ಕೆ ತೂರಿಸಿ, ನೆಟ್ಟಗಿನ ಕಂಬದೊಳಗಿನ ಸ್ಕ್ರೂ ತಿರುಗಿಸಿದರೆ ಕಾರಿನ ಒಂದು ಪಕ್ಕದ ಎರಡೂ ಚಕ್ರ ಒಟ್ಟಿಗೆ ಏಳುತ್ತವೆ. ಕಾರಿನ ಜತೆ ಕೊಡುತ್ತಿದ್ದ ಸೂಚನೆಯಲ್ಲಿ ಒಂದು ಸೂಕ್ಷ್ಮ ಇದೆ. ಜಾಕಿಯ ತಲೆ ಮೊದಲಿಗೆ ಹೊರಕ್ಕೆ ತುಸು ವಾಲಿರಬೇಕು. ಯಾಕೆಂದರೆ ಒಂದು ಪಕ್ಕ ಏಳುವಾಗ ಕಾರು ನೇರವಾಗಿ ಏಳುವುದಿಲ್ಲ, ಎದುರು ಪಕ್ಕದ ಚಕ್ರಗಳನ್ನು ಕೀಲಾಗಿಸಿಕೊಂಡು ಬಾಗಿಲು ತೆರೆದಂತೆ ಕಮಾನಾಗಿ ಏಳುತ್ತದೆ. ಮೊದಲೇ ನೆಟ್ಟಗೆ ನಿಲ್ಲಿಸಿದರೆ ಏರುತ್ತ ಏರುತ್ತ ಕಂಬ ಒಳಕ್ಕೆ ವಾಲುತ್ತದೆ. ಬುಡ ಜಾರುವುದು ಆಗಲೇ. ಆರು ಸಾಲಿನ ಸುದ್ದಿಯ ಒಂದು ‘ಯಾಕೆ’ ಇದು. ಜಾಕಿಯೊಂದನ್ನೇ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ, ಎದುರು ಚಕ್ರಗಳಿಗೆ ಅಡೆ ಇಡಿ ಎಂದೂ ಅದೇ ಸೂಚನೆ ಹೇಳುತ್ತಿತ್ತು.

ಸ್ಕ್ರೂ ಜಾಕಿಯ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಹಿಡಿಕೆ 20 ಸೆಂಟಿಮೀಟರ್ ಉದ್ದ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ನಮ್ಮ ಕೈ ಸುಮಾರು 125 ಸೆಂಟಿಮೀಟರ್ ಓಡುತ್ತದೆ. ಅಷ್ಟರಲ್ಲಿ ಸ್ಕ್ರೂ ಐದು ಮಿಲಿಮೀಟರ್ ಏರಿದರೆ ಬಲ 250 ಪಟ್ಟು. ಒಂದು ಟನ್ನಿಗೆ ತುಸು ಕಡಿಮೆ ತೂಗುವ ರೋಡ್‌ಸ್ಟರ್‌ನ ಒಂದು ಪಕ್ಕ ಎತ್ತಲು ಲೆಕ್ಕಕ್ಕೆ ಎರಡು ಕೆ.ಜಿ. ಬಲ ಸಾಕು. ನಿಜದಲ್ಲಿ ಅದರ ಎರಡು ಮೂರು ಪಟ್ಟು ಬೇಕು, ಅರ್ಧಕ್ಕಿಂತ ಹೆಚ್ಚು ಶ್ರಮವನ್ನು ಮರೆಯ ತಿಕ್ಕಾಟ ನುಂಗುತ್ತದೆ. ಈ ನುಂಗುವಿಕೆಯೇ ನಮ್ಮ ಕಾವಲು. ತಿಕ್ಕಾಟ ಅಷ್ಟಿರುವುದರಿಂದಲೇ ಕೈ ಬಿಟ್ಟರೂ ಸ್ಕ್ರೂ ತಾನಾಗಿ ಹಿಂದಕ್ಕೆ ಸುತ್ತಿ ಕಾರನ್ನು ಇಳಿಸುವುದಿಲ್ಲ. ಮರೆ ಸವೆದ ಹಳೇ ಜಾಕಿಯನ್ನು ಪಾಲಿಶ್ ಮಾಡಿ ಹೊಸದೆಂದು ಮಾರುವವರ ಬಳಿ ಈ ಮಾತು ನೆನಪಿರಬೇಕು.

1980ರ ಅಕ್ಟೋಬರ್‌ನಲ್ಲಿ ಅಬಿಂಗ್‌ಡನ್ ಕಾರ್ಖಾನೆ ಮುಚ್ಚಿತು. ಅಷ್ಟರೊಳಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿದ್ದವು, ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹಡಗು ಹತ್ತಿದ್ದವು. ಕಾರುಗಳು ಉಳಿದವು. ಜಾಕಿಗಳು ಕೈತಪ್ಪಿದವು. ಕಾರು ಐದಾರು ಕೈ ಬದಲಾಗುವಾಗ ಮೊದಲು ಕಳೆದುಹೋಗುವುದು ಡಿಕ್ಕಿಯಲ್ಲಿರುವ ಸಾಮಾನೇ. ಇದು ಎಂಜಿಬಿಯೊಂದರ ಗತಿಯಲ್ಲ. ಜರ್ಮನಿಯ ಪೋರ್ಷೆ 356ಕ್ಕೂ ಹೊಸ್ತಿಲಲ್ಲಿ ಇಂಥದ್ದೇ ತೂತು, ಅದಕ್ಕೆ ಬಿಲ್‌ಸ್ಟೈನ್ ಕಂಪನಿಯ ಜಾಕಿ. ಅದರ ಮೇಲಿನ ತಾರೀಕಿನ ಮುದ್ರೆ ತಮ್ಮ ಕಾರು ತಯಾರಾದ ತಿಂಗಳಿಗೆ ತಾಳೆಯಾಗಬೇಕೆಂದು ಹುಡುಕುವವರಿದ್ದಾರೆ. ಪ್ರದರ್ಶನಕ್ಕೆ ಇಡುವ ಕಾರಿನಲ್ಲಿ ಸರಿಯಾದ ಜಾಕಿ ಒಂದು ಆಭರಣ. ಅದಕ್ಕೆ ಹಣ ಸುರಿಯುವುದು ಅವರವರ ಇಷ್ಟ. ನಮ್ಮ ತಕರಾರು ಬೇರೆ: ಅದೇ ಆಭರಣವನ್ನು ಅರವತ್ತು ವರ್ಷದ ತುಕ್ಕು ತಗಡಿಗೆ ಸಿಕ್ಕಿಸಿ ತಿರುಗಿಸುವುದು.

ಮುಂದಿನ ಚಕ್ರ ಎರಚುವ ಕೆಸರು ಫೆಂಡರಿನ ಒಳಮೂಲೆಯಲ್ಲಿ ಕೂತು, ಒದ್ದೆ ಹಿಡಿದು, ಸಿಲ್ಲನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟು ಮಿಂಚುತ್ತಿರುತ್ತದೆ. ಮಾರುವ ಮುಂಚೆ ಕೆಲವರು ಮೇಲೊಂದು ಹೊಸ ತಗಡು ಹೊದಿಸಿ, ಪುಟ್ಟಿ ಬಳಿದು ಟಿಂಕರಿಂಗ್ ಮುಗಿಸುತ್ತಾರೆ. ತೂತನ್ನೂ ಅಂದವಾಗಿ ಕೊರೆದಿರುತ್ತಾರೆ. ಒಳಗೆ ಅದನ್ನು ಅಡ್ಡ ತೊಲೆಗೆ ಬೆಸೆಯಬೇಕಾದ ಗಟ್ಟಿ ಭಾಗವೇ ಇರುವುದಿಲ್ಲ. ಅಲ್ಲಿಗೆ ಅಸಲಿ ಜಾಕಿ ಸಿಕ್ಕಿಸಿದರೆ ಎರಡರಲ್ಲಿ ಒಂದು: ತೋಳು ತಗಡನ್ನು ಹರಿದು ಮೇಲಕ್ಕೆ ನುಗ್ಗುತ್ತದೆ, ಇಲ್ಲವೇ ಕಾರಿನ ನಡುವೇ ಬಾಗಿ ಬಾಗಿಲು ಕಚ್ಚಿಕೊಳ್ಳುತ್ತದೆ. ಹಾಗೆ ನೋಡಿದರೆ ಬಾಗಿಲಿನ ಸಂದು ಒಳ್ಳೆಯ ಪರೀಕ್ಷೆ. ಒಂದು ಪಕ್ಕ ಎತ್ತಿದಾಗ ಸಂದು ಕಣ್ಣಿಗೆ ಕಾಣುವಷ್ಟು ಹಿಗ್ಗಿದರೆ ಅಥವಾ ಕುಗ್ಗಿದರೆ ಆ ಕಾರಿಗೆ ಬೇಕಾದ್ದು ಜಾಕಿಯಲ್ಲ, ಬೆಸುಗೆ.

ಹಾಗಾದರೆ ಡಿಕ್ಕಿಯಲ್ಲಿ ಏನಿರಬೇಕು? ಬಾಟಲ್ ಜಾಕಿ ಎಲ್ಲರಿಗೂ ನೆನಪಾಗುತ್ತದೆ, ನಮ್ಮ ಟ್ರ್ಯಾಕ್ಟರ್ ಟ್ರೇಲರುಗಳ ಜೀವನಾಡಿ ಅದು. ಎಂಜಿಬಿಗೆ ಒಗ್ಗುವುದಿಲ್ಲ. ಪೂರ್ತಿ ಇಳಿಸಿದರೂ ಅದರ ಎತ್ತರ ಏಳೆಂಟು ಇಂಚು. ಎಂಜಿಬಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರವೇ ಐದಿಂಚಿನ ಆಸುಪಾಸು, ಟೈರು ಚಪ್ಪಟೆಯಾದ ಮೇಲೆ ಅದೂ ಇಲ್ಲ. 1974ರ ಕೊನೆಯಿಂದ ಅಮೆರಿಕದ ಕಾನೂನಿಗಾಗಿ ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನು ಒಂದೂವರೆ ಇಂಚಿನಷ್ಟು ಎತ್ತರಿಸಿದರು. ಹೀಗಾಗಿ ರಬ್ಬರ್ ಬಂಪರಿನ ಕಾರಿಗೆ ಹೊಕ್ಕ ಜಾಕಿ ಕ್ರೋಮ್ ಬಂಪರಿನದಕ್ಕೆ ಹೊಗುತ್ತದೆ ಎನ್ನಲಾಗದು. ಕೊಳ್ಳುವ ಮುಂಚೆ ಗಾಳಿ ತೆಗೆದ ಟೈರಿನ ಮೇಲೆ ಕಾರು ನಿಲ್ಲಿಸಿ ಅಳೆಯಬೇಕು. ಗಾಳಿ ತುಂಬಿದ ಟೈರಿನ ಮೇಲೆ ಅಳೆದ ಅಳತೆ ಪಂಕ್ಚರ್ ದಿನ ಕೈಕೊಡುತ್ತದೆ.

ನಮಗೆ ಸರಿ ಎನ್ನಿಸುವುದು ಕತ್ತರಿ ಜಾಕಿ. ನಾಲ್ಕಿಂಚಿಗಿಂತ ಕೆಳಕ್ಕೆ ಮಡಿಯುವಂಥದ್ದು, ಗುಜರಿಯಲ್ಲೂ ಸಿಗುತ್ತದೆ. ಆದರೆ ಈಗಿನ ಕಾರುಗಳ ಕತ್ತರಿ ಜಾಕಿಯ ತಲೆಯಲ್ಲಿ ಒಂದು ಸೀಳು ಇರುತ್ತದೆ. ಆ ಕಾರುಗಳ ಅಂಚಿನ ಬಲಪಡಿಸಿದ ಬೆಸುಗೆಯನ್ನು ಕಚ್ಚಲು ಮಾಡಿದ ಸೀಳು ಅದು. ಅದನ್ನು ನೋಡಿ ಎಂಜಿಬಿಯ ಸಿಲ್ ಅಂಚಿಗೆ ಕೊಟ್ಟರೆ ಅಂಚು ಮಡಚಿಕೊಳ್ಳುತ್ತದೆ. ತಲೆಯ ಮೇಲೆ ಗಟ್ಟಿ ಮರದ ತುಂಡು ಕೂರಿಸಿ, ಸಿಲ್ಲನ್ನು ಪೂರ್ತಿ ಮರೆತು, ಭಾರ ಹೊರುವ ಜಾಗಕ್ಕೇ ಹೋಗಬೇಕು. ಮುಂದೆ ಸ್ಪ್ರಿಂಗ್ ಕೂತಿರುವ ತಟ್ಟೆಯ ಕೆಳಗೆ. ಹಿಂದೆ ಕಮಾನು ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿದಿರುವ ಯು ಬೋಲ್ಟಿನ ಪ್ಲೇಟಿನ ಕೆಳಗೆ. ಅಂದರೆ ಮತ್ತೆ ಎತ್ತಿನಗಾಡಿಯ ಲೆಕ್ಕಕ್ಕೇ ಬಂದೆವು. ಇದರಲ್ಲಿ ಒಂದು ಚಕ್ರ ಮಾತ್ರ ಏಳುತ್ತದೆ, ಕಡಿಮೆ ಎತ್ತಿದರೆ ಸಾಕು, ಕಾರಿನ ನಡುವಿಗೆ ತಿರುಚು ಬೀಳುವುದಿಲ್ಲ. ಮನೆಯ ಶೆಡ್ಡಿನಲ್ಲಾದರೆ ತಗ್ಗಿನ ಟ್ರಾಲಿ ಜಾಕಿ ಇವೆಲ್ಲಕ್ಕಿಂತ ಮೇಲು, ಆದರೆ ಅದರ ಭಾರಕ್ಕೆ ಡಿಕ್ಕಿಯಲ್ಲಿಟ್ಟು ತಿರುಗಲಾಗದು.

ಕಡ್ಡಿ ಚಕ್ರದ ಎಂಜಿಬಿ ಇದ್ದರೆ ಇನ್ನೂ ಒಂದು ಮಾತು. ಅದರ ಚಕ್ರಕ್ಕೆ ನಾಲ್ಕು ನಟ್ಟುಗಳಿಲ್ಲ. ನಡುವೆ ಕಿವಿಯಿರುವ ಒಂದೇ ದೊಡ್ಡ ನಟ್ಟು, ಸುತ್ತಿಗೆಯಿಂದ ಹೊಡೆದು ಸಡಿಲಿಸುವಂಥದ್ದು. (ಅಮೆರಿಕದಲ್ಲಿ 1968ರಿಂದ ಆ ಕಿವಿಗಳನ್ನು ಅಪಾಯವೆಂದು ನಿಷೇಧಿಸಿ ಎಂಟು ಮೂಲೆಯ ನಟ್ಟು ತಂದರು.) ಕಾರು ಜಾಕಿಯ ಮೇಲಿರುವಾಗ ಹಾಗೆ ಹೊಡೆದರೆ ಪ್ರತಿ ಏಟೂ ಜಾಕಿಯನ್ನು ಪಕ್ಕಕ್ಕೆ ದೂಡುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಬೇಕು, ಕೊನೆಯ ಬಿಗಿ ಕೂಡ ಇಳಿಸಿದ ಮೇಲೆಯೇ. ನಮ್ಮ ಎರೆ ಮಣ್ಣಿನ ರಸ್ತೆ ಬದಿಯಾಗಲಿ, ಇಂಗ್ಲೆಂಡಿನ ಹುಲ್ಲಂಚಾಗಲಿ, ಜಾಕಿಯ ಬುಡಕ್ಕೆ ಒಂದಡಿ ಹಲಗೆ ಬೇಕು.

1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು ಎಂಜಿಬಿಯ ಇಡೀ ಮೈಯನ್ನು ಹೊಸದಾಗಿ ತಯಾರಿಸತೊಡಗಿತು. ತುಕ್ಕು ಹಿಡಿದ ಕಾರಿನ ಎಂಜಿನ್, ಸೀಟು, ಚಕ್ರಗಳನ್ನು ಬಿಚ್ಚಿ ಹೊಸ ಮೈಗೆ ಕೂರಿಸಿಕೊಂಡವರು ಬಹಳ. ಅಂಥ ಕಾರಿನ ಹೊಸ್ತಿಲಿಗೆ ಅಸಲಿ ಜಾಕಿ ಸಿಕ್ಕಿಸಲು ನಮ್ಮ ಅಡ್ಡಿಯಿಲ್ಲ. ಆದರೆ ತೋಳು ತೂರಿಸುವ ಮುಂಚೆ ಬಿರಡೆ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ, ಕೆಲಸ ಮುಗಿದ ಮೇಲೆ ಬಿರಡೆಯನ್ನು ಮರಳಿ ಒತ್ತಿ ಹಾಕಿ. ತೆರೆದಿಟ್ಟ ತೂತಿನಿಂದಲೂ ನೀರು ಹೊಗುತ್ತದೆ.