ಜೆಟ್ರಾನಿಕ್‌ನಿಂದ ಮೋಟ್ರಾನಿಕ್‌ವರೆಗೆ

ಒಳಗೆಳೆದುಕೊಂಡ ಗಾಳಿಗೆ ತಕ್ಕ ಪೆಟ್ರೋಲನ್ನು ಅಳೆದು ಕೊಡುವ ಕೆಲಸವನ್ನು ಕಾರ್ಬ್ಯುರೇಟರಿನಿಂದ ವಿದ್ಯುನ್ಮಾನ ಸಾಧನಕ್ಕೆ ವಹಿಸುವ ಮೊದಲ ಪ್ರಯತ್ನಗಳಲ್ಲೊಂದನ್ನು ಅಮೆರಿಕದ ಬೆಂಡಿಕ್ಸ್ ಸಂಸ್ಥೆ ಮಾಡಿತಾದರೂ, 1958ರ ಕೆಲವೇ ಕ್ರೈಸ್ಲರ್ ಕಾರುಗಳಿಗೆ ಅಳವಡಿಸಿದ ಆ ವ್ಯವಸ್ಥೆಯ ಬಿಡಿಭಾಗಗಳು ರಸ್ತೆಯ ಬಳಕೆಯನ್ನು ತಾಳಿಕೊಳ್ಳಲಿಲ್ಲ. ಆ ಪೇಟೆಂಟುಗಳ ಬಳಕೆಯ ಹಕ್ಕು ಪಡೆದ ಜರ್ಮನಿಯ ಬಾಷ್ (ಬೆಂಗಳೂರಿಗೆ ಮೈಕೊ ಕಾರ್ಖಾನೆಯ ಮೂಲಕ ಪರಿಚಿತವಾದದ್ದು ಇದೇ ಸಂಸ್ಥೆ) 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಡಿ-ಜೆಟ್ರಾನಿಕ್ ಎಂಬ ವ್ಯವಸ್ಥೆಯನ್ನು ಕೊಟ್ಟಿತು. ಹೊಗೆಯ ಮೇಲೆ ಅಮೆರಿಕ ಹೇರಿದ ನಿರ್ಬಂಧಗಳೇ ಇದಕ್ಕೆ ಒತ್ತಾಸೆಯಾಗಿದ್ದವು.

ಡಿ-ಜೆಟ್ರಾನಿಕ್‌ನ ನಿಯಂತ್ರಣ ಪೆಟ್ಟಿಗೆಯನ್ನು ಇಂದಿನ ಅರ್ಥದಲ್ಲಿ ಕಂಪ್ಯೂಟರ್ ಎನ್ನುವುದು ಉದಾರವಾದ ಮಾತೇ ಸರಿ. ಗಾಳಿಯ ಒಳಹಾದಿಯಲ್ಲಿನ ಒತ್ತಡವನ್ನು ಗ್ರಹಿಸುವ ಸಂವೇದಕದೊಳಗೆ ನಿರ್ವಾತ ಡಬ್ಬಿಗಳು ಉಬ್ಬಿ ಕುಗ್ಗುತ್ತ ಸುರುಳಿಯೊಂದರೊಳಗಿನ ಕಬ್ಬಿಣದ ತಿರುಳನ್ನು ಸರಿಸುತ್ತಿದ್ದವು, ಆ ಚಲನೆಗೆ ಅನುಗುಣವಾಗಿ ಟ್ರಾನ್ಸಿಸ್ಟರುಗಳ ಸರ್ಕ್ಯೂಟು ಇಂಜೆಕ್ಟರ್, ಅಂದರೆ ಪೆಟ್ರೋಲನ್ನು ಸಿಂಪಡಿಸುವ ನಳಿಕೆ, ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿಗದಿಪಡಿಸುತ್ತಿತ್ತು. ಇಂಧನದ ಲೆಕ್ಕ ರೆಸಿಸ್ಟರು, ಕೆಪ್ಯಾಸಿಟರುಗಳ ಮೌಲ್ಯಗಳಲ್ಲಿಯೇ ಅಡಗಿದ್ದುದರಿಂದ ಅದನ್ನು ತಿದ್ದಬೇಕಾದರೆ ಬಿಡಿಭಾಗಗಳನ್ನೇ ಬದಲಿಸಬೇಕಾಗುತ್ತಿತ್ತು. ಇಷ್ಟಾಗಿಯೂ ಕಿಡಿ ಹಾರುವ ಕ್ಷಣದ ಮೇಲೆ ಈ ಪೆಟ್ಟಿಗೆಗೆ ಯಾವ ಅಧಿಕಾರವೂ ಇರದೆ, ಆ ಕೆಲಸ ಡಿಸ್ಟ್ರಿಬ್ಯೂಟರಿನ ತೂಕಗಳಿಗೂ ಸ್ಪ್ರಿಂಗುಗಳಿಗೂ ಬಿಟ್ಟದ್ದಾಗಿತ್ತು.

1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನೊಡನೆ ಬಂದ ಮೋಟ್ರಾನಿಕ್, ಇಂಧನವನ್ನೂ ಕಿಡಿಯನ್ನೂ ಒಂದೇ ಮೈಕ್ರೊಪ್ರೊಸೆಸರಿನ ವಶಕ್ಕೆ ಒಪ್ಪಿಸಿತು. ಎಂಜಿನ್ನಿನ ವೇಗ ಮತ್ತು ಹೊರೆ ಇಷ್ಟಿದ್ದಾಗ ಕಿಡಿ ಎಷ್ಟು ಮುಂಚೆ ಹಾರಬೇಕು, ಪೆಟ್ರೋಲು ಎಷ್ಟು ಬೇಕು ಎಂಬ ಅಂಕಿಗಳ ಕೋಷ್ಟಕವು ಚಿಪ್ಪಿನಲ್ಲಿ ಬರೆದಿಡಲ್ಪಟ್ಟದ್ದರಿಂದ, ಎಂಜಿನ್ನಿನ ಸ್ವಭಾವವು ತಿದ್ದಬಹುದಾದ ಬರಹವಾಯಿತು. 1984ರಲ್ಲಿ ಇದೇ ವ್ಯವಸ್ಥೆಯನ್ನು ಪಡೆದ ಪೋರ್ಶೆ 911 ಕರೇರಾ ಇದಕ್ಕೆ ಒಳ್ಳೆಯ ನಿದರ್ಶನ: ಎಂಜಿನ್ನಿನ ಗಾತ್ರ 3.2 ಲೀಟರಿನಲ್ಲಿಯೇ ಉಳಿದರೂ, ಮುಖ್ಯವಾಗಿ ಕೋಷ್ಟಕದ ಪರಿಷ್ಕರಣೆಯಿಂದ, ಅಮೆರಿಕದ ಮಾದರಿಯ ಶಕ್ತಿ 1987ರಲ್ಲಿ 207ರಿಂದ 217 ಅಶ್ವಶಕ್ತಿಗೆ ಏರಿತು. ಅದೇ ವರ್ಷ ಪೆಟ್ಟಿಗೆಯೊಳಗಿನ 24 ಕಾಲುಗಳ ಚಿಪ್ಪಿನ ಜಾಗಕ್ಕೆ 28 ಕಾಲುಗಳ ಚಿಪ್ಪು ಬಂದುದರಿಂದ, ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ ಎರಡು ತಲೆಮಾರುಗಳ ಪೆಟ್ಟಿಗೆಗಳ ಚಿಪ್ಪುಗಳು ಪರಸ್ಪರ ಹೊಂದುವುದಿಲ್ಲ.

ನಿಖರತೆಯಲ್ಲಿ ಮೋಟ್ರಾನಿಕ್ ಮೇಲೆಂಬುದರಲ್ಲಿ ವಿವಾದವಿಲ್ಲ, ಆದರೆ ಸಂರಕ್ಷಣೆಯ ದೃಷ್ಟಿಯಿಂದ ತೂಗಿದಾಗ ತಕ್ಕಡಿ ಅಷ್ಟು ಸುಲಭವಾಗಿ ಅದರತ್ತ ವಾಲುವುದಿಲ್ಲ. ಡಿ-ಜೆಟ್ರಾನಿಕ್‌ನ ಕೆಟ್ಟ ಟ್ರಾನ್ಸಿಸ್ಟರನ್ನು ಬೆಸುಗೆ ಕಡ್ಡಿ ಹಿಡಿಯಬಲ್ಲ ಯಾರಾದರೂ ಗುರುತಿಸಿ ಬದಲಿಸಬಹುದು. ಕರೇರಾದ ಚಿಪ್ಪಾದರೋ ತನ್ನ ಅಂಕಿಗಳನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಟ್ಟಿರುವುದರಿಂದ, ದಶಕಗಳು ಕಳೆದಂತೆ ಆ ಆವೇಶ ಸೋರಿಹೋಗುವ ಸಾಧ್ಯತೆ ಇದ್ದೇ ಇದೆ. ಇಂಥ ಕಾರುಗಳನ್ನು ಉಳಿಸಿಕೊಳ್ಳಬಯಸುವವರು ಮೂಲ ಚಿಪ್ಪಿನ ದತ್ತಾಂಶವನ್ನು, ಅದು ಓದಲು ಸಿಗುತ್ತಿರುವಾಗಲೇ, ನಕಲು ಮಾಡಿಟ್ಟುಕೊಳ್ಳಬೇಕು.